ಆಲೆಮರದ ಇಟ್ಟಿಗೆ

ಚನ್ನಪಟ್ಟಣದಲ್ಲಿ ಲೇತಿನ ಮುಂದೆ ಕೂತವನ ಕೈಯಿಂದ ಹುಟ್ಟುವುದೆಲ್ಲ ದುಂಡಗೇ ಇರುತ್ತದೆ. ಗಿಲಕಿ, ಬುಗುರಿ, ಬಳೆ, ಗೊಂಬೆಯ ತಲೆ, ಆ ತಲೆಯ ಕೆಳಗಿನ ಹೊಟ್ಟೆ, ಎಲ್ಲವೂ. ಮರ ತಿರುಗುತ್ತದೆ, ಉಳಿ ತಾಗುತ್ತದೆ, ಮೂಲೆಗಳೆಲ್ಲ ಹಾರಿಹೋಗುತ್ತವೆ. ಹಾಗಿರುವಾಗ ಮೂರು ತಲೆಮಾರು ದುಂಡಗಿನದನ್ನೇ ಕಡೆದು ಹೊಟ್ಟೆ ಹೊರೆದ ಮನೆಯ ಮಹೇಂದ್ರ, ನಲವತ್ತಾರನೇ ವಯಸ್ಸಿನಲ್ಲಿ ಚೌಕದ ಇಟ್ಟಿಗೆ ಮಾಡಲು ಕೂತನೆಂದರೆ ಬೀದಿ ಸುಮ್ಮನಿರುತ್ತದೆಯೇ?

"ಏನ್ಲಾ ಮಹೇಂದ್ರ, ಬೆಂಕಿಪೊಟ್ಣದಷ್ಟು ಇಟ್ಗೆ ಮಾಡ್ತಾ ಕುಂತಿದ್ದೀಯ? ಇಲಿಗೆ ಮನೆ ಕಟ್ಟುಸ್ತೀಯೇನ್ಲಾ?" ಎಂದು ಪಕ್ಕದ ಶೆಡ್ಡಿನ ಬಾಲರಾಜು ಕೇಳಿದ.

"ಮನೆಯಲ್ಲ ಕಣ್ಲಾ, ಹಡಗು. ಆಕಾಸದಾಗೆ ಹೋಗೋ ಹಡಗು," ಎಂದ ಮಹೇಂದ್ರ. ಹೇಳುವಾಗ ಅವನ ಮುಖದಲ್ಲಿ ಹೆಮ್ಮೆ ಇತ್ತು. ಅದನ್ನು ನೋಡಿದ ಬಾಲರಾಜುವಿನ ನಗು ಅರ್ಧಕ್ಕೇ ನಿಂತಿತು. ಇಟ್ಟಿಗೆ ಯಾರಿಗೆ ಎನ್ನುವುದು ಬೀದಿಗೆಲ್ಲ ಗೊತ್ತಿತ್ತು.

ಇಟ್ಟಿಗೆ ಭಾನುಪ್ರಿಯಳಿಗೆ, ಮಹೇಂದ್ರನ ಒಬ್ಬಳೇ ಮಗಳಿಗೆ. ಎರಡನೇ ಪಿಯುಸಿ ಪರೀಕ್ಷೆಗೆ ಇನ್ನು ಮೂರು ತಿಂಗಳಿದೆ ಎನ್ನುವಾಗ ಅವಳ ಕಾಲು ಊದಿತು, ಆಮೇಲೆ ಮುಖ ಊದಿತು. ಉಪ್ಪು ಬಿಡಿಸಿದರು, ದೃಷ್ಟಿ ತೆಗೆಸಿದರು, ಕಷಾಯ ಕುಡಿಸಿದರು. ಕಡೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಎರಡು ಕಿಡ್ನಿಗಳೂ ಕೆಲಸ ಬಿಟ್ಟಿವೆ ಎಂದು ಗೊತ್ತಾಯಿತು. ಆಗ ಅವಳಿಗೆ ಹದಿನೇಳು, ಈಗ ಹತ್ತೊಂಬತ್ತು. ಮಂಗಳವಾರ, ಶುಕ್ರವಾರ ಬೆಳಗಿನ ರೈಲಿಗೆ ತಾಯಿ ರಾಧಾಮಣಿ ಅವಳನ್ನು ರಾಮನಗರಕ್ಕೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ನಾಲ್ಕು ಗಂಟೆ ಮಂಚದ ಮೇಲೆ ಮಲಗಬೇಕು. ಮೈಯ ರಕ್ತ ಪೈಪಿನಲ್ಲಿ ಹೊರಗೆ ಬಂದು, ಮಿಷನ್ನಿನಲ್ಲಿ ತೊಳೆಸಿಕೊಂಡು ಮತ್ತೆ ಮೈಯೊಳಗೆ ಹೋಗುತ್ತದೆ. ಮಹೇಂದ್ರ ಸ್ಟೇಷನ್ನಿನ ತನಕ ಚೀಲ ಹೊತ್ತುಕೊಂಡು ಬಂದು, ರೈಲು ಹತ್ತಿಸಿ, ಕೆಲಸವಿದೆ ಎಂದು ವಾಪಸು ಹೋಗುತ್ತಾನೆ.

ಆ ನಾಲ್ಕು ಗಂಟೆಯನ್ನು ಕಳೆಯುವುದಕ್ಕೆ ಭಾನುಗೆ ಸಿಕ್ಕಿದ್ದು 'ಏಳನೇ ಕಕ್ಷೆ'. ಯಾವುದೋ ದೇಶದ ಧಾರಾವಾಹಿ, ಕನ್ನಡಕ್ಕೆ ಡಬ್ ಆಗಿ ಮೊಬೈಲಿನಲ್ಲಿ ಬರುತ್ತದೆ. ಹನ್ನೊಂದು ಜನ ಒಂದು ಅಂತರಿಕ್ಷ ನೌಕೆಯಲ್ಲಿ ಹೊರಟು ದಾರಿ ತಪ್ಪಿದ್ದಾರೆ, ಭೂಮಿಗೆ ವಾಪಸು ಬರುವ ಹಾಗಿಲ್ಲ. ಹೊಸ ಸಾಮಾನು ಎಲ್ಲಿಂದಲೂ ಸಿಗುವುದಿಲ್ಲ. ನೌಕೆಯಲ್ಲಿ ಏನಾದರೂ ಕೆಟ್ಟರೆ ಇನ್ನೊಂದು ಕಡೆಯದನ್ನು ಬಿಚ್ಚಿ ಇಲ್ಲಿಗೆ ಹಾಕಬೇಕು. ಡಬ್ಬಿಂಗ್ ಮಾಡಿದವರು ಆ ನೌಕೆಗೆ ವಿಶಾಖೆ ಎಂದು ಹೆಸರಿಟ್ಟು, ಅದರ ಕ್ಯಾಪ್ಟನ್ ಹೆಂಗಸಿನ ಬಾಯಲ್ಲಿ ವಾರ್ತೆ ಓದುವವರ ಕನ್ನಡ ಆಡಿಸಿದ್ದಾರೆ. ಮಹೇಂದ್ರ ಒಮ್ಮೆ ಮಗಳ ಪಕ್ಕ ಕೂತು ನೋಡಲು ಹೋಗಿ ಹತ್ತೇ ನಿಮಿಷಕ್ಕೆ ಗೊರಕೆ ಹೊಡೆದಿದ್ದ.

ಡಯಾಲಿಸಿಸ್ ಮಿಷನ್ ನೋಡಿಕೊಳ್ಳುವ ಚೈತ್ರಾ ಎಂಬ ಹುಡುಗಿ ಒಂದು ದಿನ ತನ್ನ ಅಕ್ಕನ ಮಕ್ಕಳು ಆಡಿ ಬಿಟ್ಟ ಪ್ಲಾಸ್ಟಿಕ್ ಇಟ್ಟಿಗೆಗಳ ಡಬ್ಬಿಯೊಂದನ್ನು ತಂದುಕೊಟ್ಟಳು. ಒಂದರ ತಲೆಯ ಮೇಲಿನ ಗೂಟ ಇನ್ನೊಂದರ ತಳಕ್ಕೆ ಕಚ್ಚಿಕೊಳ್ಳುವ ಇಟ್ಟಿಗೆಗಳು. ಎಡಗೈಯಲ್ಲಿ ಸೂಜಿ ಇದ್ದುದರಿಂದ ಭಾನು ಬಲಗೈ ಒಂದರಲ್ಲೇ ವಿಶಾಖೆಯ ಮೂತಿ ಕಟ್ಟಿದಳು. ಅಷ್ಟಕ್ಕೇ ಡಬ್ಬಿ ಖಾಲಿಯಾಯಿತು. ಮನೆಗೆ ಬಂದು ಅಪ್ಪನಿಗೆ ತೋರಿಸಿದಾಗ ಅವನು ಒಂದು ಇಟ್ಟಿಗೆಯನ್ನು ಬೆರಳುಗಳ ನಡುವೆ ಹೊರಳಿಸಿ, ಉಗುರಿನಿಂದ ಕೆರೆದು, ಮೂಸಿಯೂ ನೋಡಿದ. "ಥೂ, ಪ್ಲಾಸ್ಟಿಕ್ಕು. ಬೊಂಬೆ ಊರಾಗೆ ಹುಟ್ಟಿ ಪ್ಲಾಸ್ಟಿಕ್ ಕೈಯಾಗೆ ಹಿಡೀತಾರೇನವ್ವ? ನಾನು ಮಾಡ್ಕೊಡ್ತೀನಿ ಬುಡು. ಎಷ್ಟ್ ಬೇಕು ಯೋಳು," ಎಂದ. ಭಾನು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ತುಂಬಾ ಬೇಕಾಯ್ತವೆ ಅಪ್ಪ," ಎಂದಳು.

ಇನ್ನೊಂದು ಸಂಗತಿಯನ್ನು ಈಗಲೇ ಹೇಳಿಬಿಡಬೇಕು. ಅದನ್ನು ಮುಚ್ಚಿಟ್ಟುಕೊಂಡು ಇಟ್ಟಿಗೆಯ ಕಥೆ ಹೇಳಿದರೆ ನಾನೂ ಮಹೇಂದ್ರನ ಹಾಗೇ ಕಣ್ಣಾಮುಚ್ಚಾಲೆ ಆಡಿದಂತಾಗುತ್ತದೆ. ಕಾಯಿಲೆ ಗೊತ್ತಾದ ತಿಂಗಳೇ ರಾಮನಗರದ ಡಾಕ್ಟರಮ್ಮ ಗಂಡಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಈ ಮಿಷನ್ ದಿನ ದೂಡುವುದಕ್ಕೆ ಮಾತ್ರ, ಮನೆಯವರು ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಹುಡುಗಿ ಬದುಕುತ್ತಾಳೆ ಎಂದು. ರಾಧಾಮಣಿ ಅಲ್ಲೇ ಕೈ ಚಾಚಿದಳು. ಅವಳಿಗೆ ಸಕ್ಕರೆ ಕಾಯಿಲೆ, ಆಗದು ಎಂದರು. ಮಹೇಂದ್ರನ ರಕ್ತದ ಗುಂಪು ಮಗಳದ್ದಕ್ಕೆ ಸರಿಹೊಂದಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಮಿಕ್ಕ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಒಂದು ಚೀಟಿ ಬರೆದುಕೊಟ್ಟರು. ಮಹೇಂದ್ರ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡ.

ಸಂಕ್ರಾಂತಿ ಆರ್ಡರ್ ಮುಗಿಯಲಿ ಎಂದ. ಮುಗಿಯಿತು. ದಸರಾ ಕಳೆಯಲಿ ಎಂದ. ಕಳೆಯಿತು. ಲೇತಿನ ಮುಂದೆ ಸೊಂಟ ಬಗ್ಗಿಸಿ ಕೂರುವ ಕಸುಬು, ಪಕ್ಕೆ ಕೊಯ್ಸಿಕೊಂಡರೆ ಮತ್ತೆ ಕೂರಲು ಆಗುತ್ತದೆಯೋ ಇಲ್ಲವೋ, ದುಡಿಯುವವನು ನಾನೊಬ್ಬನೇ ಎಂದ. ಅದೂ ಸುಳ್ಳೇನಲ್ಲ. ಆದರೆ ನಿಜವಾದ ಕಾರಣ ಹೆದರಿಕೆ. ಕಾಯಿಲೆ ಕಸಾಲೆ ಇಲ್ಲದ ಮೈಯನ್ನು ಮೇಜಿನ ಮೇಲೆ ಚೆಲ್ಲಿ, ಕೊಯ್ಯಿರಿ ಎನ್ನುವುದನ್ನು ನೆನೆಸಿಕೊಂಡರೆ ಅವನ ಅಂಗೈ ಬೆವರುತ್ತಿತ್ತು. ಹೇಡಿ ಎನ್ನುತ್ತೀರಾ? ಅನ್ನಿ. ಅವನೂ ತನ್ನನ್ನು ಹಾಗೇ ಬೈದುಕೊಳ್ಳುತ್ತಿದ್ದ, ಬೈದುಕೊಂಡು ಮತ್ತೆ ಉಳಿ ಮಸೆಯುತ್ತಿದ್ದ. ಭಾನು ಒಂದು ದಿನವೂ ಚೀಟಿಯ ಮಾತೆತ್ತಲಿಲ್ಲ. ಕೇಳಿದ್ದರೆ ಹೋಗುತ್ತಿದ್ದನೇನೋ. ಕೇಳದೆ ಇದ್ದದ್ದರಿಂದ ಅವನಿಗೆ ಅವಳ ಎದುರು ಕೂರುವುದೇ ಕಷ್ಟವಾಗಿತ್ತು. ಊಟಕ್ಕೆ ಕೂತರೆ ತಟ್ಟೆ ನೋಡುತ್ತಿದ್ದ, ಮಾತಾಡಿದರೆ ಗೋಡೆ ನೋಡುತ್ತಿದ್ದ.

ಹಾಗಿದ್ದವನು ಇಟ್ಟಿಗೆ ಶುರುವಾದ ಮೇಲೆ ಬೇರೆಯೇ ಮನುಷ್ಯನಾದ. ದುಂಡಗಿನದನ್ನು ಮಾಡುವ ಯಂತ್ರದಲ್ಲಿ ಚೌಕದ್ದು ಮಾಡುವುದು ಹೇಗೆ ಎಂದು ಎರಡು ದಿನ ತಲೆ ಕೆರೆದುಕೊಂಡ. ಆಮೇಲೆ ಬೊಂಬೆಗೆ ಬಳಸುವ ಮೆದು ಆಲೆಮರದ ತುಂಡನ್ನು ಗರಗಸದಲ್ಲಿ ಬೆಂಕಿಪೊಟ್ಟಣದ ಅಳತೆಗೆ ಕೊಯ್ದು, ತಳಕ್ಕೆ ನಾಲ್ಕು ತೂತು ಕೊರೆದ. ತಲೆಯ ಮೇಲಿನ ಗೂಟಗಳು ಮಾತ್ರ ದುಂಡಗಿನವು, ಅವು ಅವನ ರಾಜ್ಯ. ಉದ್ದನೆಯ ಕಡ್ಡಿಯನ್ನು ಲೇತಿಗೆ ಸಿಕ್ಕಿಸಿ ನಯವಾಗಿ ಕಡೆದು, ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ತುಂಡು ಒತ್ತುತ್ತಿದ್ದ. ತಿರುಗುವ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಕೇದಗೆ ಗರಿಯಿಂದ ಉಜ್ಜಿದರೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಅದನ್ನು ಚೂರು ಚೂರಾಗಿ ಕತ್ತರಿಸಿ ಅಂಟಿಸಿದರೆ ಇಟ್ಟಿಗೆ ಸಿದ್ಧ. ಕೆಂಪು ಗೂಟ, ಹಸಿರು ಗೂಟ, ಅರಿಸಿನದ ಗೂಟ.

ಮೊದಲ ಇಪ್ಪತ್ತನ್ನು ನೋಡಿದಾಗಲೇ ಭಾನು ಹೇಳಿದಳು. "ಅಪ್ಪ, ಗೂಟಕ್ಕೆ ಬಣ್ಣ ಬೇಡ. ಬರೀ ಮರ ಇರ್ಲಿ. ಇದನ್ನ ಕಟ್ಟೋದಷ್ಟೇ ಅಲ್ಲ, ಬಿಚ್ಚಬೇಕು."

"ಬೋಳು ಮರಾನ ನಮ್ಮನೆಯಿಂದ ಯಾರೂ ಈಚೆಗೆ ಕೊಟ್ಟಿಲ್ಲ ಕಣವ್ವ. ನಮ್ಮಪ್ಪ ಇದ್ದಿದ್ರೆ ಕಪಾಳಕ್ಕೆ ಹೊಡೆಯೋನು. ತೂತಾನೇ ಒಸಿ ಅಗಲ ಮಾಡ್ತೀನಿ, ಸಲೀಸಾಗಿ ಬತ್ತದೆ."

ಅಗಲ ಮಾಡಿದ. ಸಲೀಸಾಗಿಯೇ ಬಂತು. ಟಕ್ ಎಂದು ಕೂತು ಟಕ್ ಎಂದು ಏಳುತ್ತಿತ್ತು. ಅದು ಜನವರಿ ತಿಂಗಳು. ಬೇರೆ ಊರಿನ ಬಡಗಿಯಾಗಿದ್ದರೆ ಮಗಳು ಹೇಳಿದಂತೆ ಬರೀ ಮರದ ಗೂಟ ಬಡಿದು ಕೊಡುತ್ತಿದ್ದ. ಚನ್ನಪಟ್ಟಣದವನಿಗೆ ಅರಗು ಬಳಿಯದ ಮರ ಎಂದರೆ ಬಟ್ಟೆ ತೊಡಿಸದ ಮಗು ಇದ್ದಂತೆ.

ಪ್ರತಿ ಸೋಮವಾರ ಸಾಯಂಕಾಲ ಭಾನು ಒಂದು ಪಟ್ಟಿ ಕೊಡುತ್ತಿದ್ದಳು. ಉದ್ದದ್ದು ಇಷ್ಟು, ಗಿಡ್ಡದ್ದು ಇಷ್ಟು, ಓರೆ ಕೊಯ್ದದ್ದು ಇಷ್ಟು. ಮುಂದಿನ ಸೋಮವಾರದ ಹೊತ್ತಿಗೆ ಮಹೇಂದ್ರ ಅವನ್ನು ಬಿದಿರಿನ ಪುಟ್ಟಿಯಲ್ಲಿ ತುಂಬಿಕೊಂಡು ಬಂದು ಅವಳ ಮುಂದೆ ಸುರಿಯುತ್ತಿದ್ದ. ಸುರಿದು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಅವಳು ಒಂದೊಂದನ್ನೇ ಎತ್ತಿ ನೋಡುವಾಗ ಅವಳ ಮುಖವನ್ನೇ ನೋಡುತ್ತಿದ್ದ. ಚೆನ್ನಾಗಿದೆ ಎಂದರೆ ಹಿಗ್ಗಿಹೋಗುತ್ತಿದ್ದ. ಅಂಗಡಿಯವರ ಆರ್ಡರ್ ತಡವಾಗತೊಡಗಿತು. ಮನೆಯ ನಡುಮನೆಯಲ್ಲಿ ಹಲಗೆಯೊಂದರ ಮೇಲೆ ವಿಶಾಖೆ ಬೆಳೆಯಿತು. ಮೂತಿ, ಕತ್ತು, ಎರಡು ರೆಕ್ಕೆ, ದಪ್ಪ ಹೊಟ್ಟೆ. ಹಲಗೆಗೆ ಹಲಗೆ ಜೋಡಿಸಬೇಕಾಯಿತು.

ಮಹೇಂದ್ರನ ಶೆಡ್ಡಿನಲ್ಲಿ ಎರಡನೇ ಲೇತು ಬದ್ರುನ್ನೀಸಾ ಅವರದು. ಅರವತ್ತು ದಾಟಿದ ಹೆಂಗಸು, ಮಹೇಂದ್ರನ ಅಪ್ಪನ ಕಾಲದಿಂದ ಅಲ್ಲೇ ಬಣ್ಣ ಹಿಡಿಸುತ್ತಿದ್ದವರು. ಬೀದಿಗೆಲ್ಲ ಬದ್ರಕ್ಕ. ಅವರ ಮುಂದೆ ನಾಲಿಗೆ ಉದ್ದ ಮಾಡುವ ಗಂಡಸು ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಫೆಬ್ರವರಿಯ ಒಂದು ಮಧ್ಯಾಹ್ನ ಕರೆಂಟು ಹೋಗಿ ಎರಡೂ ಲೇತು ನಿಂತಾಗ ಬದ್ರಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು.

"ಎಷ್ಟಾದ್ವು ಮಹೇಂದ್ರ?"

"ಸಾವಿರ ಆಯ್ತು ಕಣಕ್ಕ. ಇನ್ನೂ ಬೇಕಂತೆ."

"ನೋಡಪ್ಪ, ಬಯ್ಯಾಕೆ ಅಂತ ಹೇಳ್ತಿಲ್ಲ. ನಾನು ಎತ್ತಾಡಿಸಿದ ಮಗು ಅದು. ಅದಕ್ಕೆ ಬೇಕಾಗಿರೋದು ಒಂದು. ನೀನು ಕೊಡ್ತಿರೋದು ಸಾವಿರ."

ಮಹೇಂದ್ರನ ಕಿವಿ ಕೆಂಪಾಯಿತು. "ನಿನ್ ಕೆಲ್ಸ ನೀನ್ ನೋಡ್ಕೊ ಬದ್ರಕ್ಕ. ನನ್ ಮಗಳಿಗೆ ಏನ್ ಕೊಡ್ಬೇಕೂಂತ ನಂಗೊತ್ತು."

"ಗೊತ್ತಿರೋದ್ಕೇ ಹೇಳ್ತಿದ್ದೀನಿ," ಎಂದರು ಬದ್ರಕ್ಕ. ಅಷ್ಟರಲ್ಲಿ ಕರೆಂಟು ಬಂತು. ಎಂಟು ದಿನ ಅವನು ಅವರ ಜೊತೆ ಮಾತಾಡಲಿಲ್ಲ. ಬೈಗುಳವಾಗಿದ್ದರೆ ಒದರಿ ಹಾಕಿಬಿಡುತ್ತಿದ್ದ. ನಿಜ ಹೇಳಿಸಿಕೊಂಡದ್ದು ಗಂಟಲಿನಲ್ಲಿ ಮೀನಿನ ಮುಳ್ಳು ಸಿಕ್ಕಿದಂತೆ ಅಲ್ಲೇ ಇತ್ತು.

ಸಾವಿರದ ನಾನೂರನೆಯ ಇಟ್ಟಿಗೆಗೆ ವಿಶಾಖೆ ಮುಗಿಯಿತು. ಯುಗಾದಿ ಕಳೆದು ವಾರವಾಗಿತ್ತು. ನೋಡಲು ಬೀದಿಯವರೆಲ್ಲ ಬಂದರು. ಬಾಲರಾಜು ನಾಲ್ಕೂ ಕಡೆಯಿಂದ ಫೋಟೊ ಹೊಡೆದ. ಚೈತ್ರಾ ಒಂದು ಭಾನುವಾರ ರಾಮನಗರದಿಂದ ಸ್ಕೂಟರಿನಲ್ಲಿ ಬಂದು, ಭಾನುವಿನ ತಲೆಯನ್ನು ಎದೆಗೊತ್ತಿಕೊಂಡಳು. ಮಹೇಂದ್ರ ಬಂದವರಿಗೆಲ್ಲ ಕಾಫಿ ಕೊಡಿಸುತ್ತ, ಆಕಾಶದ ಹಡಗಿನ ಇಂಜಿನ್ನು ಎಲ್ಲಿ, ಹನ್ನೊಂದು ಜನ ಮಲಗುವುದೆಲ್ಲಿ ಎಂದು ತಾನೇ ಕಥೆ ಬರೆದವನಂತೆ ವಿವರಿಸಿದ. ಆ ಒಂದು ವಾರ ಅವನಿಗೆ ಜೇಬಿನ ಚೀಟಿಯ ನೆನಪೇ ಬರಲಿಲ್ಲ.

ಮೇ ತಿಂಗಳು ಬಂತು. ಮನೆಯ ಮೇಲಿರುವುದು ಶೀಟು. ಹೊತ್ತೇರಿದರೆ ನಡುಮನೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ, ನೀರಿನ ಕೊಡ ಮುಟ್ಟಿದರೆ ಬಿಸಿಯಾಗಿರುತ್ತಿತ್ತು. 'ಏಳನೇ ಕಕ್ಷೆ'ಯ ಮೂರನೇ ಭಾಗ ಬಂದಿತ್ತು. ಅದರಲ್ಲಿ ನೌಕೆ ಹಿಮದ ಗ್ರಹವೊಂದಕ್ಕೆ ಅಪ್ಪಳಿಸುತ್ತದೆ. ಹನ್ನೊಂದರಲ್ಲಿ ಉಳಿದ ಏಳು ಜನ ನೌಕೆಯನ್ನೇ ಪೂರ್ತಿ ಬಿಚ್ಚಿ, ಅದೇ ಸಾಮಾನಿನಲ್ಲಿ ಚಳಿಗೆ ಒಂದು ಮನೆ ಕಟ್ಟಿಕೊಳ್ಳುತ್ತಾರೆ. ಭಾನುಗೂ ಹಾಗೇ ಮಾಡಬೇಕೆನಿಸಿತು. ಒಂದು ಹೊಸ ಇಟ್ಟಿಗೆಯೂ ಇಲ್ಲದೆ, ಇರುವುದರಲ್ಲೇ.

ಒಂದು ಗುರುವಾರ ಮಧ್ಯಾಹ್ನ ರಾಧಾಮಣಿ ನ್ಯಾಯಬೆಲೆ ಅಂಗಡಿಗೆ ಹೋಗಿದ್ದಳು, ಮಹೇಂದ್ರ ಶೆಡ್ಡಿನಲ್ಲಿದ್ದ. ಭಾನು ರೆಕ್ಕೆಯ ತುದಿಯ ಇಟ್ಟಿಗೆ ಹಿಡಿದು ಎಳೆದಳು. ಬರಲಿಲ್ಲ. ಇನ್ನೊಂದನ್ನು ಎಳೆದಳು. ಅದೂ ಬರಲಿಲ್ಲ. ನಲವತ್ತು ಡಿಗ್ರಿ ಕಾವಿಗೆ ಗೂಟದ ಅರಗು ದಿನವೂ ಮೆತ್ತಗಾಗಿ, ರಾತ್ರಿ ಗಟ್ಟಿಯಾಗಿ, ತೂತಿನ ಮರಕ್ಕೆ ಕಚ್ಚಿಕೊಂಡಿತ್ತು. ಸಾವಿರದ ನಾನೂರು ಇಟ್ಟಿಗೆಗಳು ಹೋಗಿ ಒಂದೇ ದಿಮ್ಮಿಯಾಗಿತ್ತು. ಅವಳಿಗೆ ಅಳು ಬಂತು, ಅಳುವಿನ ಹಿಂದೆ ಛಲ ಬಂತು. ಅಪ್ಪನ ಹಳೆಯ ಉಳಿ ತಂದು, ನೌಕೆಯನ್ನು ಎಡ ಮುಂಗೈಯ ಕೆಳಗೆ ಅಮುಕಿ ಹಿಡಿದು, ಬಲಗೈಯಲ್ಲಿ ಮೀಟತೊಡಗಿದಳು. ಮುಕ್ಕಾಲು ಗಂಟೆ ಮೀಟಿದಳು. ಎದ್ದದ್ದು ಆರು ಇಟ್ಟಿಗೆ.

ಆ ಎಡಗೈ ಹಾಗೆ ಬಳಸುವ ಕೈಯಲ್ಲ. ಡಯಾಲಿಸಿಸ್ ಸೂಜಿ ಹಾಕುವುದಕ್ಕೆಂದೇ ಮಣಿಕಟ್ಟಿನ ಮೇಲೆ ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದರು. ಅಲ್ಲಿ ಬೆರಳಿಟ್ಟರೆ ಒಳಗೆ ಜೇನುಹುಳ ಸಿಕ್ಕಿಕೊಂಡಂತೆ ಜುಂ ಎನ್ನುತ್ತಿತ್ತು. ಆ ಕೈಯಲ್ಲಿ ಭಾರ ಎತ್ತಬಾರದು, ಅದರ ಮೇಲೆ ಮಲಗಬಾರದು, ಬಿಗಿಯಾದ ಬಳೆಯೂ ಬೇಡ ಎಂದು ಹೇಳಿದ್ದರು. ಪ್ರತಿ ಬೆಳಿಗ್ಗೆ ರಾಧಾಮಣಿ ಕಾಫಿಗೂ ಮೊದಲು ಮಗಳ ಮಣಿಕಟ್ಟಿಗೆ ಕಿವಿಯಿಟ್ಟು ಆ ಸದ್ದು ಕೇಳಿಸಿಕೊಂಡೇ ಒಲೆ ಹಚ್ಚುತ್ತಿದ್ದಳು. ಶುಕ್ರವಾರ ಬೆಳಿಗ್ಗೆ ಕಿವಿಯಿಟ್ಟಳು. ಇನ್ನೊಂದು ಕಿವಿಯಿಟ್ಟಳು. ಆಮೇಲೆ ಗಂಡನನ್ನು ಕೂಗಿದ ಕೂಗಿಗೆ ಪಕ್ಕದ ಮನೆಯವರೂ ಎದ್ದು ಬಂದರು.

ಮೂವರೂ ರಾಮನಗರಕ್ಕೆ ಓಡಿದರು. ಅಲ್ಲಿ ಡಾಕ್ಟರಮ್ಮ ಕೈ ಹಿಡಿದು ನೋಡಿ, ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗಿದೆ ಎಂದರು. ಕತ್ತಿನ ಬುಡಕ್ಕೆ ತೂತು ಮಾಡಿ ಒಂದು ಪೈಪು ಹಾಕಿದರು. ಇನ್ನೊಂದು ಕೈಯ ನಾಳಗಳು ತೀರಾ ಸಣ್ಣವು, ಅದೂ ನಿಲ್ಲುತ್ತದೆ ಎಂಬ ಭರವಸೆ ಇಲ್ಲ, ಕತ್ತಿನ ಪೈಪಿಗೆ ಯಾವಾಗ ಬೇಕಾದರೂ ಸೋಂಕು ತಗುಲಬಹುದು ಎಂದರು. "ಹೇಗಾಯ್ತು ಇದು?" ಎಂದು ಕೇಳಿದಾಗ ಭಾನು "ಗೊತ್ತಿಲ್ಲ ಮೇಡಂ, ಮಲಗಿದಾಗ ಒತ್ತಿರ್ಬೇಕು" ಎಂದಳು. ಮಹೇಂದ್ರ ಬೆಳಿಗ್ಗೆ ನಡುಮನೆಯಲ್ಲಿ ಉಳಿಯನ್ನೂ ಕಿತ್ತ ಆರು ಇಟ್ಟಿಗೆಗಳನ್ನೂ ನೋಡಿದ್ದ. ಅವುಗಳ ಗೂಟದಲ್ಲಿ ಮರದ ಸಿಬಿರು ಅಂಟಿದ್ದನ್ನೂ ನೋಡಿದ್ದ. ಬಣ್ಣ ಬೇಡ ಅಪ್ಪ ಎಂದಿದ್ದಳು. ತನ್ನ ಕೈಯನ್ನೇ ಕಡಿದು ಹಾಕಬೇಕು ಎನಿಸಿತು ಅವನಿಗೆ.

"ಇನ್ನು ಮುಂದಕ್ಕೆ ಹಾಕೋ ಹಾಗಿಲ್ಲ. ಕಿಡ್ನಿ ಕೊಡೋದು ಯಾರು ಅಂತ ಈಗಲಾದ್ರೂ ತೀರ್ಮಾನ ಮಾಡಿದ್ದೀರಾ?" ಎಂದರು ಡಾಕ್ಟರಮ್ಮ.

"ನಾನು ಇವ್ನಿ," ಎಂದ ಮಹೇಂದ್ರ. ಎರಡು ವರ್ಷ ಬಾಯಿಗೆ ಬಾರದ ಎರಡೇ ಮಾತು. ಹೇಳಿದವನೇ ಅಂಗಿಗೆ ಕೈ ಹಾಕಿದ. ಜೇಬಿನ ಚೀಟಿ ಅಷ್ಟು ಹೊತ್ತಿಗೆ ಮಡಿಕೆ ಮಡಿಕೆಗೂ ಹರಿದುಹೋಗಿತ್ತು. ಹೊಸದು ಬರೆದುಕೊಟ್ಟರು.

ಬೆಂಗಳೂರಿಗೆ ಮೂರು ಸಲ ಹೋದ, ಒಬ್ಬನೇ. ಹೊರಡುವಾಗೆಲ್ಲ ಬದ್ರಕ್ಕ ಶೆಡ್ಡಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ರಕ್ತ ತೆಗೆದರು, ಮೂತ್ರ ಹಿಡಿದರು, ಹೊಟ್ಟೆಗೆ ತಣ್ಣನೆಯ ಎಣ್ಣೆಯಂಥದ್ದನ್ನು ಸವರಿ ಟಿವಿಯಲ್ಲಿ ನೋಡಿದರು. ಹೆದರಿಕೆ ಹೋಗಿರಲಿಲ್ಲ. ಆದರೂ ಹೋಗಿ ಹೋಗಿ ಕೈ ಚಾಚುತ್ತಿದ್ದ. ಮೂರನೇ ಸಲ ದೊಡ್ಡ ಡಾಕ್ಟರು ಕರೆದು ಎದುರಿಗೆ ಕೂರಿಸಿಕೊಂಡರು.

"ನಿಮಗೆ ಬಿಪಿ ಇದೆ. ಗೊತ್ತಿತ್ತಾ?"

"ಇಲ್ಲ ಸಾರ್. ಯಾವತ್ತೂ ನೋಡ್ಸಿಲ್ಲ."

"ನೋವಿನ ಮಾತ್ರೆ ಏನಾದ್ರೂ ತಗೊಳ್ತೀರಾ?"

"ಸೊಂಟ ಹಿಡ್ಕೊಂತದೆ ಸಾರ್, ಲೇತ್ ಮುಂದೆ ಕುಂತು ಕುಂತು. ಮೆಡಿಕಲ್ ಸ್ಟೋರಲ್ಲಿ ಕೊಡ್ತಾರೆ. ನಮ್ಮ ಬೀದೀಲಿ ಎಲ್ರೂ ನುಂಗ್ತೀವಿ."

"ದಿನಕ್ಕೆ ಎಷ್ಟು?"

"ಒಂದು. ಆರ್ಡರ್ ಇದ್ರೆ ಎರಡು. ಹದಿನೈದು ವರ್ಷ ಆಯ್ತು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಆ ಮಾತ್ರೆಗೆ ನಿಮ್ಮ ಕಿಡ್ನಿನೇ ಕೆಟ್ಟಿದೆ, ಕೊಡೋ ಸ್ಥಿತೀಲಿ ಇಲ್ಲ. ಒಂದನ್ನ ತೆಗೆದ್ರೆ ಮಿಕ್ಕಿದ್ದು ನಿಮಗೇ ಸಾಲೋದಿಲ್ಲ. ನಾವು ಮಾಡೋ ಹಾಗಿಲ್ಲ."

ಮಹೇಂದ್ರ ಕೇಳಿದ. ಕೇಳಬಾರದು ಎಂದು ಒಳಗಿನಿಂದ ಯಾರೋ ಹೇಳುತ್ತಿದ್ದರೂ ಕೇಳಿದ. "ಎರಡು ವರ್ಷದ ಹಿಂದೆ ಬಂದಿದ್ರೆ ಸಾರ್?"

"ಆಗ ಹೇಗಿತ್ತು ಅಂತ ನಾನು ಹೇಗೆ ಹೇಳ್ಲಿ? ಬಂದಿದ್ರೆ ನೋಡಿರ್ತಿದ್ದೆವು," ಎಂದರು ಡಾಕ್ಟರು. ಸತ್ತವರಿಂದ ಸಿಗುವ ಕಿಡ್ನಿಗೆ ಮಗಳ ಹೆಸರು ಬರೆಸಿ, ಸರದಿ ಬರುವುದು ತಡವಾದರೂ ಬರೆಸಿಡಿ ಎಂದು ಹೇಳಿ ಕಳಿಸಿದರು.

ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕೆಂಗೇರಿ ದಾಟಿ, ಬಿಡದಿ ಹತ್ತಿರವಾಗುವ ಹೊತ್ತಿಗೆ ಮಹೇಂದ್ರನಿಗೆ ತನ್ನ ಮೈ ಹಗುರಾಗಿರುವುದು ಗೊತ್ತಾಯಿತು. ಭುಜ ಇಳಿದಿದ್ದವು. ಎರಡು ವರ್ಷದಿಂದ ಬಿಗಿಯಾಗಿದ್ದ ಹೊಟ್ಟೆ ಸಡಿಲವಾಗಿತ್ತು. ಹಸಿವಾಗುತ್ತಿತ್ತು. ಮದ್ದೂರು ವಡೆಯವನನ್ನು ಕರೆದು ಎರಡು ವಡೆ ತೆಗೆದುಕೊಂಡು ತಿಂದ. ಎರಡನೆಯದು ಮುಗಿಯುವಾಗ ಈ ಹಗುರ ಏನೆಂದು ಅವನಿಗೆ ಹೊಳೆಯಿತು. ಅದು ಸಮಾಧಾನ. ಕೊಯ್ಸಿಕೊಳ್ಳುವುದು ತಪ್ಪಿತು ಎಂಬ ಸಮಾಧಾನ. ಮಗಳು ಸಾಯುತ್ತಾಳೆ ಎಂದು ಅಳು ಬರುವುದಕ್ಕೂ ಮೊದಲು ಇದು ಬಂದಿತ್ತು. ಎಣ್ಣೆ ಹತ್ತಿದ ಕಾಗದವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ರಾಮನಗರದ ಬಂಡೆಗಳು ಹಿಂದೆ ಸರಿಯುವುದನ್ನು ನೋಡುತ್ತ, ಎದುರಿಗೆ ಕೂತವರು ಏನೆಂದುಕೊಳ್ಳುತ್ತಾರೆ ಎಂಬ ಪರಿವೆಯೂ ಇಲ್ಲದೆ ಬಿಕ್ಕಿ ಬಿಕ್ಕಿ ಅತ್ತ.

ಮನೆಗೆ ಬಂದಾಗ ಭಾನು ಜಗಲಿಯ ಮೇಲೆ ಕೂತಿದ್ದಳು, ಕತ್ತಿನ ಪೈಪಿನ ಮೇಲೆ ದುಪಟ್ಟಾ ಹೊದ್ದುಕೊಂಡು. ರಾಧಾಮಣಿ ಒಳಗೆ ಕೋಲಿನಿಂದ ರಾಗಿ ಮುದ್ದೆ ತಿರುವುತ್ತಿದ್ದಳು.

"ಆಗಲ್ಲ ಅಂದ್ರಾ ಅಪ್ಪ?"

"ಊಂ ಕಣವ್ವ. ನಂದೇ ಹಾಳಾಗೈತಂತೆ."

ಒಳಗೆ ಕೋಲಿನ ಸದ್ದು ನಿಂತಿತು. ಭಾನು ತಲೆಯಾಡಿಸಿದಳು. "ಹೋಗ್ಲಿ ಬಿಡು. ನೀನು ಹೋಗಿದ್ಯಲ್ಲ," ಎಂದಳು.

ಆ ಮಾತು ಅವನಿಗೆ ತಡೆಯಲಾಗಲಿಲ್ಲ. ಬೈದಿದ್ದರೆ ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದ. ಜಗಲಿಯ ಕೆಳಗೆ ನೆಲದಲ್ಲೇ ಕೂತು ಹೇಳಿದ. "ಹಂಗನ್ನಬೇಡ ಮಗ. ಆಗಲ್ಲ ಅಂದಾಗ ನಂಗೆ ಒಳಗೊಳಗೇ ಸಮಾಧಾನ ಆಗೋಯ್ತು. ವಡೆ ತಿಂದೆ ಕಣವ್ವ, ರೈಲಲ್ಲಿ. ಎರಡು ವರ್ಷ ಕೆಲ್ಸ ಇತ್ತು ಅಂತ ತಳ್ಳಲಿಲ್ಲ ನಾನು. ಹೆದರ್ಕೊಂಡಿದ್ದೆ."

ಭಾನು ಜಾರಿದ ದುಪಟ್ಟಾವನ್ನು ಕತ್ತಿನ ಮೇಲೆ ಎಳೆದುಕೊಂಡಳು. ಎದುರು ಮನೆಯ ಅಂಗಳದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು.

"ಗೊತ್ತಿತ್ತಪ್ಪ," ಎಂದಳು. "ಚೀಟಿ ಕೊಟ್ಟ ದಿನಾನೇ ಗೊತ್ತಾಯ್ತು. ಆವತ್ತಿಂದ ನೀನು ನನ್ ಮುಖ ನೋಡೋದು ಬಿಟ್ಬುಟ್ಟೆ. ಇಟ್ಟಿಗೆ ತಂದು ಸುರಿಯೋವಾಗ ಮಾತ್ರ ನೋಡ್ತಿದ್ದೆ. ಹಡಗು ಎಂಟುನೂರಕ್ಕೇ ಮುಗಿದಿತ್ತು. ಮಿಕ್ಕಿದ್ದೆಲ್ಲ ಹೊಟ್ಟೆಯೊಳಕ್ಕೆ ತುಂಬಿದೆ, ಯಾರಿಗೂ ಕಾಣದಂಗೆ. ಬೇಕು ಬೇಕು ಅಂತ ಸುಮ್ನೆ ಕೇಳ್ತಿದ್ದೆ."

ಮಹೇಂದ್ರ ತಲೆಯೆತ್ತಿ ಅವಳನ್ನು ನೋಡಲು ಹೋದ. ಆಗಲಿಲ್ಲ.

"ಇನ್ನು ಬೇಡಪ್ಪ," ಎಂದಳು ಭಾನು. "ಇನ್ನು ಇಟ್ಟಿಗೆ ಮಾಡ್ಬೇಡ."

ಸಿಟ್ಟು ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಅವನು ಕಾಲು ಹಿಡಿದುಕೊಳ್ಳಬಹುದಿತ್ತು. ದಣಿವು ಇತ್ತು, ಅಷ್ಟೇ. ಅವನ ಬಳಿ ಕೊಡುವುದಕ್ಕೆ ಇದ್ದ ಒಂದೇ ಒಂದನ್ನೂ ಅವಳು ಬೇಡ ಎಂದಿದ್ದಳು. ಎದ್ದು ಶೆಡ್ಡಿಗೆ ಹೋಗೋಣವೆಂದರೆ ಅಲ್ಲಿ ಮಾಡುವುದೇನೆಂದು ತಿಳಿಯದೆ ಕತ್ತಲಾಗುವ ತನಕ ನೆಲದ ಮೇಲೇ ಕೂತಿದ್ದ.

ಮಂಗಳವಾರ ಬೆಳಿಗ್ಗೆ ಹೆಂಡತಿ ಮಗಳ ಜೊತೆ ಸ್ಟೇಷನ್ನಿಗೆ ಚೀಲ ಹೊತ್ತು ಬಂದ. ರೈಲು ಬಂತು. ಭಾನು ಹತ್ತಿ, ತಿರುಗಿ ನೋಡಿ, "ಅವ್ವ ಮನೆಗೆ ಹೋಗ್ಲಿ ಇವತ್ತು, ಅವಳಿಗೆ ಶುಗರ್ ಜಾಸ್ತಿ ಆಗಿದೆ. ನೀನು ಬಾ," ಎಂದಳು. ಅವನು ಹತ್ತಿದ.

ಡಯಾಲಿಸಿಸ್ ಹಾಲಿನಲ್ಲಿ ಎಂಟು ಮಂಚಗಳಿದ್ದವು. ಚೈತ್ರಾ ಕತ್ತಿನ ಪೈಪಿಗೆ ಮಿಷನ್ನಿನ ಪೈಪು ಜೋಡಿಸಿದಳು. ರಕ್ತ ಹೊರಗೆ ಬಂತು. ಮಹೇಂದ್ರ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಿದ್ದ. "ಹೊರಗೆ ಬೇಡ. ಇಲ್ಲಿ ಸ್ಟೂಲ್ ಐತೆ, ಕೂತ್ಕೊ," ಎಂದಳು ಭಾನು. ಮೊಬೈಲನ್ನು ತೆರೆಯಲಿಲ್ಲ, ದಿಂಬಿನ ಕೆಳಗೆ ಇಟ್ಟಳು.

ಅವನು ಕೂತ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡ. ಮಗಳ ಮುಖ ಅವನ ಮುಖಕ್ಕೆ ಒಂದು ಮೊಳ ದೂರದಲ್ಲಿತ್ತು. ಕಣ್ಣ ಕೆಳಗೆ ಕಪ್ಪಾಗಿತ್ತು, ತುಟಿ ಒಣಗಿ ಬಿರಿದಿತ್ತು, ಕೆನ್ನೆಯ ಮೂಳೆ ಎದ್ದಿತ್ತು. ಇಷ್ಟು ಇಳಿದುಹೋಗಿದ್ದಾಳೆ ಎಂದು ಅವನಿಗೆ ಗೊತ್ತಿರಲಿಲ್ಲ. ಗೋಡೆ ಗಡಿಯಾರದಲ್ಲಿ ಎಂಟೂವರೆಯಾಗಿತ್ತು, ಮುಗಿಯುವುದು ಹನ್ನೆರಡೂವರೆಗೆ. ಭಾನು ಕಣ್ಣು ಮುಚ್ಚಲಿಲ್ಲ. ಅವನೂ ಕಣ್ಣು ಬೇರೆ ಕಡೆಗೆ ತಿರುಗಿಸಲಿಲ್ಲ.